ರೋಗಾಣು ಹಳೆಯದಾದಂತೆ ಸೌಮ್ಯವಾಗುತ್ತದೆ ಎಂಬುದು ನಿಜವೇ?

ಕುತೂಹಲಿ
ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಕಾಡುತ್ತಿರುವ ಎರಡು ಪ್ರಶ್ನೆಗಳನ್ನು ಇಲ್ಲಿ ಇಡುತ್ತಿದ್ದೇನೆ. ಯಾವ ಹೊಸ ಸೋಂಕು ಬಂದರೂ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಚಿಂತೆ ಬೇಡ, ತಾನಿರುವ ದೇಹವನ್ನೇ ಕೊಂದರೆ ರೋಗಾಣುವಿಗೆ ನಷ್ಟ, ಕ್ರಮೇಣ ಅದು ತಾನಾಗಿಯೇ ಸೌಮ್ಯವಾಗುತ್ತದೆ." ಕೇಳಲು ಹಿತವಾಗಿದೆ. ಆದರೆ ಸಿಡುಬು ಶತಮಾನಗಳ ಕಾಲ ಮನುಷ್ಯನ ಬೆನ್ನು ಹತ್ತಿತ್ತು. 20ನೆಯ ಶತಮಾನದಲ್ಲಿಯೂ ಅದರ ಉಗ್ರ ರೂಪ ತಗುಲಿದವರಲ್ಲಿ ಸುಮಾರು ಶೇ. 30 ಮಂದಿ ಸಾಯುತ್ತಿದ್ದರು. ಅದೇಕೆ ಸೌಮ್ಯವಾಗಲಿಲ್ಲ?

ಎರಡನೆಯ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ರೋಗನಿರೋಧಕ ಶಕ್ತಿ ಎಂದರೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬಂತೆ ಎಲ್ಲರೂ ಮಾತನಾಡುತ್ತಾರೆ. ಹಾಗಿದ್ದರೆ ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಯಾವ ಜೀವಿಗೂ ಸಂಪೂರ್ಣ ರಕ್ಷಣೆ ಏಕೆ ಸಿಗಲಿಲ್ಲ? ತಿಳಿದವರು ವಿವರಿಸಬೇಕು. ಬಾಯಿಮಾತಿನ ಸಮಾಧಾನ ಬೇಡ, ಉದಾಹರಣೆ ಬೇಕು.

ಮುಂಜಾವು
ಕೊಂದರೆ ನಷ್ಟ ಎಂಬ ತರ್ಕದಲ್ಲಿ ನನಗೇನೂ ದೋಷ ಕಾಣಿಸುತ್ತಿಲ್ಲ. ಕಾಲಾವಕಾಶ ಬೇಕು, ಅಷ್ಟೇ.

ಸೂಕ್ಷ್ಮಲೋಕ
ಆ ತರ್ಕದಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಸಾಯುವುದಿಲ್ಲ. ಕುತೂಹಲಿಯವರು ಉದಾಹರಣೆ ಕೇಳಿದ್ದಾರೆ. ಈ ವಿಷಯದಲ್ಲಿ ಮಿಕ್ಸೋಮಾ ವೈರಸ್ ಮತ್ತು ಮೊಲಗಳ ಕಥೆಗಿಂತ ದೊಡ್ಡ ಉದಾಹರಣೆ ಇಲ್ಲ.

ಆಸ್ಟ್ರೇಲಿಯಾದಲ್ಲಿ ಯೂರೋಪಿನಿಂದ ತಂದುಬಿಟ್ಟ ಮೊಲಗಳು ಮಿತಿಮೀರಿ ಹೆಚ್ಚಿ ಹುಲ್ಲುಗಾವಲುಗಳನ್ನು ಬೋಳಾಗಿಸಿದ್ದವು. ಅವನ್ನು ಹತ್ತಿಕ್ಕಲು 1950ರಲ್ಲಿ ಈ ವೈರಸ್ಸನ್ನು ಬೇಕೆಂದೇ ಬಿಡುಗಡೆ ಮಾಡಿದರು. ದಕ್ಷಿಣ ಅಮೆರಿಕದ ತನ್ನ ಮೂಲ ಮೊಲಜಾತಿಯಲ್ಲಿ ಚರ್ಮದ ಮೇಲೊಂದು ಸಣ್ಣ ಗಂಟನ್ನಷ್ಟೇ ಉಂಟುಮಾಡುವ ವೈರಸ್ ಇದು. ಯೂರೋಪಿನ ಮೊಲಕ್ಕೆ ತಗುಲಿದಾಗ ನೂರರಲ್ಲಿ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಸತ್ತವು. ವೈರಸ್ ವಿಜ್ಞಾನಿ ಫ್ರಾಂಕ್ ಫೆನರ್ ಮತ್ತು ಅವರ ಸಂಗಡಿಗರು ವರ್ಷ ವರ್ಷವೂ ಬಯಲಿನಿಂದ ವೈರಸ್ ಸಂಗ್ರಹಿಸಿ, ಪ್ರಯೋಗಾಲಯದ ಮೊಲಗಳ ಮೇಲೆ ಅದರ ಉಗ್ರತೆಯನ್ನು ಅಳೆಯುತ್ತಾ ಹೋದರು. ಕೆಲವೇ ವರ್ಷಗಳಲ್ಲಿ ಅತ್ಯುಗ್ರ ತಳಿ ಹಿಂದೆ ಸರಿಯಿತು, ಮಧ್ಯಮ ಉಗ್ರತೆಯ ತಳಿಗಳು ಎಲ್ಲೆಡೆ ಹಬ್ಬಿದವು.

ಕಾರಣವೇನು? ಈ ವೈರಸ್ಸನ್ನು ಸೊಳ್ಳೆಗಳು ಸಾಗಿಸುತ್ತವೆ. ಮೊಲ ಬೇಗ ಸತ್ತರೆ ಸೊಳ್ಳೆಗೆ ಕಚ್ಚಲು ಸಮಯವಿಲ್ಲ. ತೀರಾ ಸೌಮ್ಯ ತಳಿಯಾದರೆ ಚರ್ಮದ ಗಾಯದಲ್ಲಿ ವೈರಸ್ ಸಾಕಷ್ಟು ಸೇರುವುದಿಲ್ಲ, ಮೊಲವೂ ಬೇಗ ಗುಣವಾಗಿಬಿಡುತ್ತದೆ. ವಾರಗಟ್ಟಲೆ ಗಾಯವನ್ನು ಹಸಿಯಾಗಿಟ್ಟು, ಮೊಲವನ್ನು ಬದುಕಿಸಿ ನರಳಿಸುವ ತಳಿಯೇ ಹೆಚ್ಚು ಹರಡಿತು. ವಿಕಾಸ ಆರಿಸಿದ್ದು ಸೌಮ್ಯತೆಯನ್ನಲ್ಲ, ಹರಡುವಿಕೆಯನ್ನು.

ಮುಂಜಾವು
ನೀವು ಹೇಳಿದ್ದು ನನ್ನ ಮಾತನ್ನೇ ಎತ್ತಿಹಿಡಿಯುತ್ತದೆ! ಉಗ್ರವಾಗಿತ್ತು, ಇಳಿಯಿತು. ಇದಕ್ಕಿಂತ ಬೇರೆ ಪುರಾವೆ ಏಕೆ?

ಸೂಕ್ಷ್ಮಲೋಕ
ಇಳಿದು ನಿಂತದ್ದು ಎಲ್ಲಿ ಎಂಬುದನ್ನು ನೋಡಿ. ಬಯಲಿನಲ್ಲಿ ಗೆದ್ದ ಆ ಮಧ್ಯಮ ತಳಿಯೂ ರೋಗವನ್ನೇ ಕಾಣದ ಮೊಲಗಳಲ್ಲಿ ಶೇ. 70ರಿಂದ 95ರಷ್ಟನ್ನು ಕೊಲ್ಲುತ್ತಿತ್ತು. ಅದನ್ನು ಸೌಮ್ಯ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಇನ್ನೂ ಮುಖ್ಯವಾದ ಸಂಗತಿ, ಅದೇ ಹೊತ್ತಿನಲ್ಲಿ ಮೊಲಗಳೂ ಬದಲಾಗುತ್ತಿದ್ದವು. ಒಂದೇ ಪ್ರಮಾಣಿತ ತಳಿಯನ್ನು ಚುಚ್ಚಿ ನೋಡಿದಾಗ, ಆರಂಭದಲ್ಲಿ ಶೇ. 90ರಷ್ಟಿದ್ದ ಸಾವು ಏಳು ವರ್ಷಗಳ ಸಾಂಕ್ರಾಮಿಕಗಳ ನಂತರ ಸುಮಾರು ಶೇ. 25ಕ್ಕೆ ಬಂದಿತ್ತು. ಮೊಲ ಗಟ್ಟಿಯಾದ ಮೇಲೆ ಏನಾಯಿತು ಗೊತ್ತೇ? ವೈರಸ್ ಮತ್ತೆ ಉಗ್ರತೆಯ ಕಡೆಗೆ ಹೊರಳಿತು. 1990ರ ದಶಕದಲ್ಲಿ ಸಂಗ್ರಹಿಸಿದ ಕೆಲವು ತಳಿಗಳು ಪ್ರಯೋಗಾಲಯದ ಮೊಲಗಳ ರಕ್ಷಣಾ ವ್ಯವಸ್ಥೆಯನ್ನೇ ಕುಸಿಯುವಂತೆ ಮಾಡಿ ಕೊಲ್ಲುತ್ತಿದ್ದವು. ಹೊರಗಿನ ಜಗತ್ತಿಗೆ ಕಾಣುವುದು "ಸಾವು ಕಡಿಮೆಯಾಗಿದೆ" ಎಂಬುದಷ್ಟೇ. ಕಡಿಮೆಯಾದದ್ದು ವೈರಸ್ಸಿನ ಉಗ್ರತೆಯೋ ಮೊಲದ ದೌರ್ಬಲ್ಯವೋ ಎಂಬುದನ್ನು ಅಳೆಯದೆ ಹೇಳಲಾಗದು. ಎರಡನ್ನೂ ಬೇರೆಬೇರೆಯಾಗಿ ಅಳೆದರು ಎಂಬ ಕಾರಣಕ್ಕೇ ಫೆನರ್ ಅವರ ಕೆಲಸಕ್ಕೆ ಅಷ್ಟು ಬೆಲೆ.

ಬಿಸಿಲುಕುದುರೆ
ಸಿಡುಬಿನ ಬಗ್ಗೆ ಒಂದು ಸೇರ್ಪಡೆ. ಅದಕ್ಕೆ ಶೇ. 1ರ ಆಸುಪಾಸಿನಲ್ಲಷ್ಟೇ ಕೊಲ್ಲುವ ಇನ್ನೊಂದು ರೂಪವೂ ಇತ್ತು. 1980ರಲ್ಲಿ ರೋಗ ನಿರ್ಮೂಲನೆಯಾಯಿತೆಂದು ಘೋಷಿಸುವುದಕ್ಕೆ ಕೆಲವೇ ವರ್ಷಗಳ ಹಿಂದಿನವರೆಗೂ ಉಗ್ರ ರೂಪ, ಸೌಮ್ಯ ರೂಪ ಎರಡೂ ಉಳಿದುಕೊಂಡಿದ್ದವು. ಒಂದು ಇನ್ನೊಂದನ್ನು ಅಳಿಸಿಹಾಕಲಿಲ್ಲ. ಎರಡನ್ನೂ ಅಳಿಸಿದ್ದು ಲಸಿಕೆ, ವಿಕಾಸದ ಕರುಣೆಯಲ್ಲ.

ಪಶುವೈದ್ಯ
ಕೋಳಿಗಳ ಮಾರೆಕ್ ರೋಗವನ್ನು ಯಾರೂ ಹೇಳಲಿಲ್ಲವಲ್ಲ. ನನ್ನ ಕಾರ್ಯಕ್ಷೇತ್ರ ಅದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಇದೊಂದು ಹರ್ಪಿಸ್ ಬಳಗದ ವೈರಸ್. ಕೋಳಿಯ ನರಗಳನ್ನು ಹಿಡಿಯುತ್ತದೆ, ಒಳಾಂಗಗಳಲ್ಲಿ ಗೆಡ್ಡೆ ಬೆಳೆಸುತ್ತದೆ. ಗರಿಯ ಬುಡದಿಂದ ಉದುರುವ ಹೊಟ್ಟಿನಲ್ಲಿ ಹೊರಬಂದು ಧೂಳಿನ ಮೂಲಕ ಹರಡುತ್ತದೆ. ಮರಿಗಳಿಗೆ ಸುಮಾರು ಅರ್ಧ ಶತಮಾನದಿಂದ ಲಸಿಕೆ ಹಾಕಲಾಗುತ್ತಿದೆ. ಆ ಲಸಿಕೆ ಕೋಳಿಯನ್ನು ರೋಗದಿಂದ ಉಳಿಸುತ್ತದೆ. ಆದರೆ ಸೋಂಕನ್ನಾಗಲಿ ವೈರಸ್ ಹೊರಸೂಸುವುದನ್ನಾಗಲಿ ತಡೆಯುವುದಿಲ್ಲ. ಈ ಅವಧಿಯಲ್ಲಿ ವೈರಸ್ಸಿನ ತಳಿಗಳು ಹಂತ ಹಂತವಾಗಿ ಉಗ್ರವಾಗುತ್ತಲೇ ಬಂದಿವೆ. 2015ರಲ್ಲಿ ಆಂಡ್ರ್ಯೂ ರೀಡ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಲ್ಲಿಯೇ ತೋರಿಸಿದರು. ಅತ್ಯುಗ್ರ ತಳಿ ತಗುಲಿದ ಲಸಿಕೆಯಿಲ್ಲದ ಕೋಳಿ ವೈರಸ್ಸನ್ನು ಹೆಚ್ಚು ಹೊರಸೂಸುವ ಮೊದಲೇ ಸತ್ತಿತು, ಅದರೊಂದಿಗೆ ಆ ತಳಿಯೂ ಕೊನೆಗೊಂಡಿತು. ಲಸಿಕೆ ಪಡೆದ ಕೋಳಿ ಬದುಕಿ ವಾರಗಟ್ಟಲೆ ಅದನ್ನೇ ಹರಡಿತು.

ಮುಂಜಾವು ಅವರೇ, ನಿಮ್ಮ ನಿಯಮದ ಪ್ರಕಾರ ಈ ವೈರಸ್ ಸೌಮ್ಯವಾಗಬೇಕಿತ್ತು. ಸಾವಿನ ಬೆಲೆ ಇಲ್ಲವಾದಾಗ ಉಗ್ರತೆಗೆ ಕಡಿವಾಣವೂ ಇಲ್ಲವಾಯಿತು.

ಮುಂಜಾವು
ಇದನ್ನು ಓದಿ ಗಾಬರಿಯಾಗುತ್ತಿದೆ. ಹಾಗಾದರೆ ಲಸಿಕೆಗಳೇ ರೋಗಾಣುಗಳನ್ನು ಉಗ್ರಗೊಳಿಸುತ್ತಿವೆ ಎಂದು ನೀವು ಹೇಳುತ್ತಿದ್ದೀರಾ?

ಪಶುವೈದ್ಯ
ಖಂಡಿತ ಇಲ್ಲ, ಈ ಅಧ್ಯಯನವನ್ನು ಹಾಗೆ ತಿರುಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹರಡುವುದನ್ನೇ ತಡೆಯುವ ಲಸಿಕೆಯಲ್ಲಿ ಉಗ್ರ ತಳಿಗೆ ದಾರಿಯೇ ಇರುವುದಿಲ್ಲ. ಸಿಡುಬು, ದಡಾರದ ಲಸಿಕೆಗಳು ಆ ಬಗೆಯವು. ಮಾರೆಕ್ ಪ್ರಕರಣದಲ್ಲಿಯೂ ಅಪಾಯದಲ್ಲಿರುವುದು ಲಸಿಕೆ ಪಡೆಯದ ಕೋಳಿ. ಆದ್ದರಿಂದ ಪಾಠ ಲಸಿಕೆ ಬೇಡ ಎಂಬುದಲ್ಲ, ಎಲ್ಲ ಮರಿಗಳಿಗೂ ತಪ್ಪದೇ ಹಾಕಬೇಕು, ಜೊತೆಗೆ ಹರಡುವಿಕೆಯನ್ನೂ ತಡೆಯುವ ಲಸಿಕೆಗಾಗಿ ದುಡಿಯಬೇಕು ಎಂಬುದು.

ರಾತ್ರಿಪಾಳಿ
ಪಶುವೈದ್ಯರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ದಡಾರದ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. "ಚಿಕ್ಕಂದಿನಲ್ಲಿ ದಡಾರ ಬಂದು ಹೋದರೆ ಮಗು ಗಟ್ಟಿಯಾಗುತ್ತದೆ" ಎಂದು ನಂಬಿದ ತಾಯಂದಿರನ್ನು ನಾನು ಕಂಡಿದ್ದೇನೆ. ನಿಜ ಅದಕ್ಕೆ ತದ್ವಿರುದ್ಧ. ದಡಾರದ ವೈರಸ್ ಹಳೆಯ ಸೋಂಕುಗಳ ನೆನಪನ್ನು ಕಾಪಾಡುವ ಬಿಳಿ ರಕ್ತಕಣಗಳನ್ನೇ ಹೊಕ್ಕು ನಾಶಮಾಡುತ್ತದೆ. ಲಸಿಕೆ ಪಡೆಯದ ಮಕ್ಕಳ ರಕ್ತವನ್ನು ರೋಗಕ್ಕೆ ಮುಂಚೆ ಮತ್ತು ನಂತರ ಪರೀಕ್ಷಿಸಿದ 2019ರ ಅಧ್ಯಯನವೊಂದರಲ್ಲಿ, ಬೇರೆ ರೋಗಾಣುಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳ (ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳ) ಭಂಡಾರದಲ್ಲಿ ಶೇ. 11ರಿಂದ 73ರವರೆಗೆ ಅಳಿಸಿಹೋಗಿತ್ತು. ದಡಾರ ವಾಸಿಯಾದ ಮಗು ತಿಂಗಳುಗಟ್ಟಲೆ ಬೇರೆ ಸೋಂಕುಗಳಿಗೆ ಸುಲಭದ ತುತ್ತು. ಲಸಿಕೆಯಿಂದ ಹೀಗಾಗುವುದಿಲ್ಲ.

ಕುತೂಹಲಿ
ಇದು ನನಗೆ ಹೊಸ ವಿಷಯ. ಒಂದು ಉಪಪ್ರಶ್ನೆ: ಫ್ಲೂ ಲಸಿಕೆಯನ್ನು ಪದೇ ಪದೇ ಬದಲಿಸುತ್ತಾರೆ, ದಡಾರಕ್ಕೆ 1963ರಿಂದ ಒಂದೇ ಬಗೆಯ ಲಸಿಕೆ ಸಾಕಾಗುತ್ತಿದೆ. ದಡಾರದ ವೈರಸ್ ಏಕೆ ವೇಷ ಬದಲಿಸುವುದಿಲ್ಲ?

ಸೂಕ್ಷ್ಮಲೋಕ
ಅದರಲ್ಲಿಯೂ ರೂಪಾಂತರಗಳು ಆಗುತ್ತಲೇ ಇರುತ್ತವೆ. ಆದರೆ ಜೀವಕೋಶಕ್ಕೆ ಅಂಟಿಕೊಳ್ಳುವ ಅದರ ಮೇಲ್ಮೈ ಪ್ರೋಟೀನನ್ನು ಪ್ರತಿಕಾಯಗಳು ಹಲವು ಕಡೆ ಒಟ್ಟಿಗೇ ಹಿಡಿಯುತ್ತವೆ. ಎಲ್ಲ ಕಡೆಯೂ ಬದಲಾದರೆ ಆ ಪ್ರೋಟೀನ್ ಕೆಲಸಕ್ಕೇ ಬಾರದಂತಾಗುತ್ತದೆ. ಫ್ಲೂ ವೈರಸ್ಸಿನ ಮೇಲ್ಮೈ ಪ್ರೋಟೀನ್ ತನ್ನ ಕೆಲಸ ಕೆಡಿಸಿಕೊಳ್ಳದೆ ಬದಲಾಗಬಲ್ಲದು.

ವೇಷ ಬದಲಿಸುವುದರಲ್ಲಿ ಎಲ್ಲರನ್ನೂ ಮೀರಿಸಿದ್ದು ಆಫ್ರಿಕಾದ ನಿದ್ರಾರೋಗ ತರುವ ಟ್ರಿಪನೊಸೋಮ ಎಂಬ ಏಕಕೋಶ ಜೀವಿ. ಅದರ ಮೈತುಂಬ ಒಂದೇ ಪ್ರೋಟೀನಿನ ಹೊದಿಕೆ. ಬೇರೆ ಬೇರೆ ಹೊದಿಕೆ ನೇಯಲು ಅದರ ಬಳಿ ಸಾವಿರಕ್ಕೂ ಹೆಚ್ಚು ಜೀನುಗಳಿವೆ, ಒಮ್ಮೆಗೆ ಒಂದನ್ನು ಮಾತ್ರ ಬಳಸುತ್ತದೆ. ದೇಹ ಆ ಹೊದಿಕೆಯನ್ನು ಗುರುತಿಸಿ ಪ್ರತಿಕಾಯ ಸಿದ್ಧಪಡಿಸುವಷ್ಟರಲ್ಲಿ ಕೆಲವು ಪರಾವಲಂಬಿಗಳು ಹೊಸ ಹೊದಿಕೆಗೆ ಬದಲಾಗಿರುತ್ತವೆ. ರೋಗಿಯ ರಕ್ತದಲ್ಲಿ ಅವುಗಳ ಸಂಖ್ಯೆ ಅಲೆ ಅಲೆಯಾಗಿ ಏರಿಳಿಯುವುದು ಇದರಿಂದಲೇ.

ತೆನೆ
ಎಲ್ಲರೂ ಪ್ರಾಣಿಗಳಲ್ಲೇ ಸುತ್ತುತ್ತಿದ್ದೀರಿ. ಗಿಡಗಳಿಗೂ ರೋಗ ಬರುತ್ತದೆ, ಅವೂ ತಡೆಯುತ್ತವೆ. ಕುತೂಹಲಿಯವರ ಎರಡನೆಯ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಹೊಲದಲ್ಲೇ ಇದೆ ಎಂಬುದು ತಳಿ ಅಭಿವೃದ್ಧಿಯಲ್ಲಿ ದುಡಿದ ನನ್ನ ಅಭಿಪ್ರಾಯ.

ಕುತೂಹಲಿ
ಹೇಳಿ ಸರ್. ಗಿಡಕ್ಕೆ ರಕ್ತವಿಲ್ಲ, ಬಿಳಿ ರಕ್ತಕಣಗಳಿಲ್ಲ. ಯಾವುದು ಕಾಯುತ್ತದೆ?

ತೆನೆ
ಪ್ರತಿಯೊಂದು ಜೀವಕೋಶವೂ ತನ್ನನ್ನು ತಾನೇ ಕಾದುಕೊಳ್ಳಬೇಕು. ಎರಡು ಹಂತಗಳಿವೆ. ಕೋಶದ ಹೊರಮೈಯಲ್ಲಿರುವ ಗ್ರಾಹಕಗಳು, ಅಂದರೆ ಗುರುತು ಹಿಡಿಯುವ ಪ್ರೋಟೀನುಗಳು, ಬ್ಯಾಕ್ಟೀರಿಯಾದ ಬಾಲದ ಪ್ರೋಟೀನು, ಶಿಲೀಂಧ್ರದ ಕೋಶಭಿತ್ತಿಯ ಕೈಟಿನ್ ಮುಂತಾದ, ರೋಗಾಣು ಸುಲಭವಾಗಿ ಬಿಟ್ಟುಕೊಡಲಾಗದ ಗುರುತುಗಳನ್ನು ಪತ್ತೆಹಚ್ಚುತ್ತವೆ. ಇದನ್ನು ಮೀರಲು ರೋಗಾಣು ತನ್ನ ಪ್ರೋಟೀನುಗಳನ್ನು ಕೋಶದೊಳಕ್ಕೆ ತಳ್ಳಿ ಎಚ್ಚರಿಕೆಯ ಸಂದೇಶಗಳನ್ನು ಅಡಗಿಸುತ್ತದೆ. ಆಗ ಎರಡನೆಯ ಹಂತ: ಆ ಪ್ರೋಟೀನುಗಳನ್ನು ಅಥವಾ ಅವು ಮಾಡಿದ ಹಾನಿಯನ್ನು ಒಳಗಿರುವ ಪ್ರತಿರೋಧ ಜೀನುಗಳು ಗುರುತಿಸುತ್ತವೆ. ಗುರುತು ಸಿಕ್ಕ ಕೂಡಲೇ ಆ ಕೋಶ ತಾನೇ ಸತ್ತು, ಜೀವಂತ ಕೋಶವಿಲ್ಲದೆ ಬದುಕಲಾರದ ತುಕ್ಕು ರೋಗದಂಥ ಶಿಲೀಂಧ್ರಕ್ಕೆ ಅನ್ನವಿಲ್ಲದಂತೆ ಮಾಡುತ್ತದೆ. 1940ರ ದಶಕದಲ್ಲಿ ಹೆರಾಲ್ಡ್ ಫ್ಲೋರ್ ಅಗಸೆ ಗಿಡದ ತುಕ್ಕು ರೋಗವನ್ನು ಅಧ್ಯಯನ ಮಾಡಿ, ಗಿಡದ ಒಂದೊಂದು ಪ್ರತಿರೋಧ ಜೀನಿಗೂ ಶಿಲೀಂಧ್ರದಲ್ಲಿ ಒಂದೊಂದು ಜೋಡಿ ಜೀನು ಇರುತ್ತದೆ ಎಂದು ತೋರಿಸಿದ್ದರು. ಶಿಲೀಂಧ್ರ ತನ್ನ ಆ ಒಂದು ಜೀನನ್ನು ಬದಲಿಸಿದರೆ ಸಾಕು, ಗಿಡಕ್ಕೆ ಗುರುತು ತಪ್ಪುತ್ತದೆ.

ಗೋಧಿಯಲ್ಲಿ ಹೀಗೇ ಆಯಿತು. ರೈ ಧಾನ್ಯದಿಂದ ಬಂದ ಎಸ್‌ಆರ್31 ಎಂಬ ಜೀನು ದಶಕಗಳ ಕಾಲ ಕಾಂಡದ ತುಕ್ಕನ್ನು ತಡೆದಿತ್ತು, ಜಗತ್ತಿನ ಅನೇಕ ಗೋಧಿ ತಳಿಗಳಿಗೆ ಅದನ್ನು ಸೇರಿಸಿದ್ದರು. 1998ರಲ್ಲಿ ಉಗಾಂಡಾದಲ್ಲಿ ಅದನ್ನು ಮುರಿದ ತುಕ್ಕು ಕಾಣಿಸಿಕೊಂಡಿತು. ಅದೇ ಯುಜಿ99.

ಇದೆಲ್ಲ ಹಲವರಿಗೆ ಗೊತ್ತಿರುವುದೇ. ಇನ್ನೊಂದು ಕಥೆ ಅಷ್ಟು ಪ್ರಚಾರದಲ್ಲಿಲ್ಲ, ನನಗೆ ಅದು ಹೆಚ್ಚು ಮುಖ್ಯ. ಅಮೆರಿಕದ ಓಟ್ಸ್ ಬೆಳೆಗೆ ತುಕ್ಕು ರೋಗದ ಕಾಟ ಹೆಚ್ಚಾದಾಗ, ದಕ್ಷಿಣ ಅಮೆರಿಕದ ವಿಕ್ಟೋರಿಯಾ ಎಂಬ ತಳಿಯಲ್ಲಿ ಪ್ರಬಲ ಪ್ರತಿರೋಧ ಜೀನು ಸಿಕ್ಕಿತು. ಅದನ್ನು ಸೇರಿಸಿದ ತಳಿಗಳು ಬೇಗ ವ್ಯಾಪಿಸಿದವು. 1940ರ ದಶಕದ ನಡುವಿನಲ್ಲಿ, ಅಲ್ಲಿಯವರೆಗೆ ಯಾರೂ ಗಮನಿಸದಿದ್ದ ಮತ್ತೊಂದು ಶಿಲೀಂಧ್ರ ಆ ತಳಿಗಳನ್ನೇ ಹುಡುಕಿ ಕೊಲ್ಲತೊಡಗಿತು. ಅದು ಸತ್ತ ಕೋಶಗಳನ್ನು ತಿಂದು ಬದುಕುವ ಜಾತಿ. ವಿಕ್ಟೋರಿನ್ ಎಂಬ ವಿಷವನ್ನು ಸ್ರವಿಸಿ, ಗಿಡದ ಆತ್ಮಾಹುತಿ ವ್ಯವಸ್ಥೆಯನ್ನೇ ಎಬ್ಬಿಸುತ್ತದೆ. ಗಿಡ ತನ್ನ ಕೋಶಗಳನ್ನು ತಾನೇ ಕೊಂದು ಅದಕ್ಕೆ ಬಡಿಸುತ್ತದೆ. ತುಕ್ಕಿನಿಂದ ಕಾಪಾಡುವ ಜೀನನ್ನು ಈ ರೋಗ ತರಿಸುವ ಜೀನಿನಿಂದ ಬೇರ್ಪಡಿಸಲು ತಳಿವಿಜ್ಞಾನಿಗಳು ಬಹಳ ಶ್ರಮಪಟ್ಟರು, ಆಗಲಿಲ್ಲ. ಮುಂದೆ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದೇ ವಿಷಕ್ಕೆ ಬಲಿಯಾಗುವಂತೆ ಮಾಡುವ ಜೀನನ್ನು ಹುಡುಕಿದಾಗ, ಅದು ಪ್ರತಿರೋಧ ಜೀನುಗಳ ಕುಟುಂಬದ್ದೇ ಆಗಿತ್ತು.

ಕುತೂಹಲಿಯವರೇ, ಹೆಚ್ಚಿದ್ದಷ್ಟೂ ಒಳ್ಳೆಯದೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಒಂದು ಶತ್ರುವಿನ ಎದುರು ರಕ್ಷಣೆಯಾದದ್ದು ಇನ್ನೊಂದರ ಎದುರು ಬಾಗಿಲು ತೆರೆಯಬಹುದು.

ಬಿಸಿಲುಕುದುರೆ
ಅದ್ಭುತ ಉದಾಹರಣೆ. ಮನುಷ್ಯರಲ್ಲಿಯೂ ಇಂಥವು ಸಾಲುಸಾಲಾಗಿವೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಸಿಕಲ್ ಸೆಲ್ ಜೀನು ಬಂದರೆ ತೀವ್ರ ಮಲೇರಿಯಾದಿಂದ ರಕ್ಷಣೆ, ಇಬ್ಬರಿಂದಲೂ ಬಂದರೆ ಜೀವನಪರ್ಯಂತದ ರಕ್ತರೋಗ. ಆಂಥನಿ ಆಲಿಸನ್ 1954ರಲ್ಲಿಯೇ ಈ ನಂಟನ್ನು ತೋರಿಸಿದ್ದರು. ಎಪಿಒಎಲ್1 ಎಂಬ ಜೀನಿನ ಕೆಲವು ರೂಪಗಳು, ಸೂಕ್ಷ್ಮಲೋಕ ಅವರು ಹೇಳಿದ ಟ್ರಿಪನೊಸೋಮವನ್ನೇ ಕೊಲ್ಲಲು ನೆರವಾಗುತ್ತವೆ, ಆದರೆ ಎರಡು ಪ್ರತಿಗಳಿದ್ದವರಲ್ಲಿ ಮೂತ್ರಪಿಂಡದ ರೋಗದ ಅಪಾಯವನ್ನು ಹೆಚ್ಚಿಸುತ್ತವೆ. ಸಿಸಿಆರ್5 ಎಂಬ ಗ್ರಾಹಕ ಇಲ್ಲದವರಿಗೆ ಎಚ್‌ಐವಿಯ ಬಹುತೇಕ ತಳಿಗಳು ತಗುಲುವುದಿಲ್ಲ. ಅಂಥವರಿಗೆ ವೆಸ್ಟ್ ನೈಲ್ ವೈರಸ್ ಬಂದರೆ ರೋಗ ಉಲ್ಬಣಿಸುವ ಸಂಭವ ಹೆಚ್ಚು.

ಬೆಲೆ ತೆರದೆ ರಕ್ಷಣೆ ಸಿಗದು ಎಂಬುದಕ್ಕೆ ಒಂದು ಅಪವಾದವನ್ನು ಹೇಳಬಹುದೇನೋ: ಡಫಿ. ಕೆಂಪು ರಕ್ತಕಣದ ಮೇಲೆ ಡಫಿ ಪ್ರೋಟೀನ್ ಇಲ್ಲದವರಿಗೆ ವೈವ್ಯಾಕ್ಸ್ ಮಲೇರಿಯಾ ಬರುವುದೇ ಇಲ್ಲ. ಇದೊಂದು ಅಭೇದ್ಯ ಕೋಟೆ.

ಸೂಕ್ಷ್ಮಲೋಕ
ಬರುವುದೇ ಇಲ್ಲ ಎನ್ನುವಂತಿಲ್ಲ. ಡಫಿ ಇಲ್ಲದವರಲ್ಲಿಯೂ ವೈವ್ಯಾಕ್ಸ್ ರೋಗ ಉಂಟುಮಾಡಿರುವುದನ್ನು ಮಡಗಾಸ್ಕರ್‌ನಿಂದ 2010ರಲ್ಲಿ ವರದಿ ಮಾಡಿದರು. ನಂತರ ಆಫ್ರಿಕಾದ ಬೇರೆ ಕಡೆಗಳಿಂದಲೂ ಅಂಥ ವರದಿಗಳು ಬಂದಿವೆ.

ಬಿಸಿಲುಕುದುರೆ
ಸರಿ, ಆದರೂ ಡಫಿ ಇಲ್ಲದವರು ಹೆಚ್ಚಿರುವ ಪ್ರದೇಶಗಳಲ್ಲಿ ವೈವ್ಯಾಕ್ಸ್ ಇಂದಿಗೂ ವಿರಳ. ಅಷ್ಟರ ಮಟ್ಟಿಗೆ ನನ್ನ ಮಾತು ನಿಲ್ಲುತ್ತದೆ.

ರಾತ್ರಿಪಾಳಿ
ಎರಡನೆಯ ಪ್ರಶ್ನೆಗೆ ಆಸ್ಪತ್ರೆಯ ಕಡೆಯಿಂದಲೂ ಉತ್ತರವಿದೆ. ತೀವ್ರ ನಿಗಾ ಘಟಕದಲ್ಲಿ ನಾವು ನೋಡುವ ಹಾನಿಯಲ್ಲಿ ಎಷ್ಟೋ ಪಾಲು ರೋಗಾಣುವಿನದಲ್ಲ, ದೇಹದ ಪ್ರತಿಕ್ರಿಯೆಯದು. ಕೋವಿಡ್ ಕಾಲದಲ್ಲಿ ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಔಷಧ ಎಷ್ಟೋ ಜೀವ ಉಳಿಸಿತು. ಅದು ವೈರಸ್ಸನ್ನು ಮುಟ್ಟುವುದೂ ಇಲ್ಲ. ದೇಹದ ಉರಿಯೂತವನ್ನು ತಗ್ಗಿಸುತ್ತದೆ. 2020ರ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಅದು ಸುಮಾರು ಮೂರನೆಯ ಒಂದು ಭಾಗದಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಸುಮಾರು ಐದನೆಯ ಒಂದು ಭಾಗದಷ್ಟು ಇಳಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಪ್ರಯೋಜನವಾಗಲಿಲ್ಲ. ಒಂದೇ ರೋಗದಲ್ಲಿ, ಬೇಗ ಕೊಟ್ಟರೆ ರಕ್ಷಣೆಗೆ ಅಡ್ಡಿಯಾಗಬಹುದಾದ ಔಷಧ ತಡವಾದಾಗ ಪ್ರಾಣ ಕಾಯುತ್ತದೆ. "ಶಕ್ತಿ ಹೆಚ್ಚಿಸುವ" ಪುಡಿ, ಗುಳಿಗೆಗಳ ಜಾಹೀರಾತು ಕಂಡಾಗ ನನಗೆ ಕೇಳಬೇಕೆನಿಸುತ್ತದೆ: ಯಾವುದನ್ನು ಹೆಚ್ಚಿಸುತ್ತೀರಿ, ಯಾವ ಹೊತ್ತಿನಲ್ಲಿ, ಎಷ್ಟು?

ಮೌನರಾಗ
ಕ್ಷಯವನ್ನೂ ಸೇರಿಸಿ. ಜಗತ್ತಿನ ಸುಮಾರು ಕಾಲು ಭಾಗ ಜನರಿಗೆ ಅದರ ಸೋಂಕು ತಗುಲಿದೆ ಎಂಬ ಅಂದಾಜಿದೆ, ಅವರಲ್ಲಿ ಶೇ. 5ರಿಂದ 10 ಮಂದಿಗಷ್ಟೇ ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ದೇಹ ಬ್ಯಾಕ್ಟೀರಿಯಾದ ಸುತ್ತ ಕೋಶಗಳ ಗಂಟು ಕಟ್ಟಿ ಅದನ್ನು ಒಳಗೆ ಕೂಡಿಹಾಕುತ್ತದೆ. ಆ ಗಂಟನ್ನು ಕಾಯುವ ಟಿಎನ್‌ಎಫ್ ಎಂಬ ಸಂದೇಶವಾಹಕ ಪ್ರೋಟೀನನ್ನು ಸಂಧಿವಾತದ ಚಿಕಿತ್ಸೆಗಾಗಿ ತಡೆದಾಗ ಕೆಲವರಲ್ಲಿ ಮಲಗಿದ್ದ ಕ್ಷಯ ಎದ್ದುಬರುತ್ತದೆ. ಹಾಗೆಂದು ಟಿಎನ್‌ಎಫ್ ಹೆಚ್ಚಿದ್ದರೆ ಒಳ್ಳೆಯದೇ? ಝೀಬ್ರಾ ಮೀನುಗಳ ಮೇಲಿನ ಪ್ರಯೋಗಗಳಲ್ಲಿ ಅದು ಕಡಿಮೆಯಾದರೂ ಹೆಚ್ಚಾದರೂ ಬ್ಯಾಕ್ಟೀರಿಯಾಕ್ಕೇ ಅನುಕೂಲವಾಯಿತು. ಹೆಚ್ಚಾದಾಗ ಬ್ಯಾಕ್ಟೀರಿಯಾವನ್ನು ನುಂಗಿದ ಕೋಶಗಳೇ ಸಿಡಿದು ಅದನ್ನು ಹೊರಗೆ ಚೆಲ್ಲುತ್ತವೆ.

ಸ್ವಲ್ಪ ವಿಷಯಾಂತರ. ಜ್ವರವೂ ರಕ್ಷಣೆಯೇ ಅಲ್ಲವೇ? ಹಲ್ಲಿಗಳ ಮೇಲೆ 1975ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗುವಾನಾಗಳಿಗೆ ಬ್ಯಾಕ್ಟೀರಿಯಾ ಚುಚ್ಚಿದರು. ಶೀತರಕ್ತದ ಪ್ರಾಣಿಗಳಾದ್ದರಿಂದ ಅವು ಒಳಗಿನಿಂದ ಜ್ವರ ಬರಿಸಿಕೊಳ್ಳಲಾರವು. ಸೋಂಕಾದವು ಬಿಸಿ ಜಾಗ ಹುಡುಕಿ ಹೋಗಿ ಮೈ ಕಾಯಿಸಿಕೊಳ್ಳುತ್ತವೆ. ಬಿಸಿಯಲ್ಲಿ ಇರಿಸಿದವುಗಳಲ್ಲಿ ಹೆಚ್ಚಿನವು ಬದುಕಿದವು, ತಂಪಿನಲ್ಲಿ ಇರಿಸಿದವುಗಳಲ್ಲಿ ಬಹುತೇಕ ಸತ್ತವು.

ಮುಂಜಾವು
ಹಾಗಾದರೆ ಜ್ವರಕ್ಕೆ ಮಾತ್ರೆ ನುಂಗುವುದೇ ತಪ್ಪು!

ರಾತ್ರಿಪಾಳಿ
ಹಲ್ಲಿಯಿಂದ ಮನುಷ್ಯನಿಗೆ ಒಂದೇ ನೆಗೆತ ಬೇಡ. ನಿಗಾ ಘಟಕದ ರೋಗಿಗಳಿಗೆ ಸೋಂಕಿನ ಜ್ವರದಲ್ಲಿ ಪ್ಯಾರಾಸಿಟಮಾಲ್ ಕೊಟ್ಟು, ಕೊಡದೆ ಹೋಲಿಸಿದ 2015ರ ಪ್ರಯೋಗದಲ್ಲಿ ಗುಣವಾಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಜ್ವರದ ವಿಪರೀತ ಸಂಕಟಕ್ಕೆ ಮಾತ್ರೆ ಬೇಡ ಎನ್ನಲು ನಾನು ಸಿದ್ಧಳಿಲ್ಲ.

ನಿರ್ವಾಹಕ
ದಯವಿಟ್ಟು ಯಾರೂ ಇಲ್ಲಿ ಔಷಧ ಸೇವನೆಯ ಬಗ್ಗೆ ಸಲಹೆ ಕೊಡಬೇಡಿ, ಕೇಳಲೂ ಬೇಡಿ. ಮೂಲ ಚರ್ಚೆಗೆ ಮರಳೋಣ.

ಸೂಕ್ಷ್ಮಲೋಕ
ಮೂಲ ಚರ್ಚೆಗೇ ಬರುತ್ತೇನೆ. ಇಲ್ಲಿಯವರೆಗೆ ಎಲ್ಲರೂ ರೋಗಾಣುವನ್ನು ಕೊಲ್ಲುವುದರ ಬಗ್ಗೆಯೇ ಮಾತನಾಡಿದ್ದೇವೆ. ರೋಗಾಣುವಿಗೆ ಆಸರೆಯಾದ ಆತಿಥೇಯ ಜೀವಿಗೆ ಇನ್ನೊಂದು ದಾರಿಯಿದೆ: ತಾಳಿಕೊಳ್ಳುವುದು. ರೋಗಾಣು ಇದ್ದರೂ ಹಾನಿ ಆಗದಂತೆ ನೋಡಿಕೊಳ್ಳುವುದು. ಇದನ್ನು ಮೊದಲು ಗಮನಿಸಿದವರು ಸಸ್ಯವಿಜ್ಞಾನಿಗಳು, ತೆನೆಯವರಿಗೆ ಚೆನ್ನಾಗಿ ಗೊತ್ತು. 2007ರಲ್ಲಿ ಇಲಿಗಳ ಮಲೇರಿಯಾದಲ್ಲಿ ಇವೆರಡನ್ನೂ ಬೇರ್ಪಡಿಸಿ ಅಳೆದರು. ಕೆಲವು ಇಲಿ ತಳಿಗಳು ಪರಾವಲಂಬಿಯನ್ನು ಕಡಿಮೆ ಮಾಡುವುದರಲ್ಲಿ ನಿಪುಣ, ಮತ್ತೆ ಕೆಲವು ತಾಳಿಕೊಳ್ಳುವುದರಲ್ಲಿ ನಿಪುಣ, ಒಂದು ಹೆಚ್ಚಿದ್ದಲ್ಲಿ ಇನ್ನೊಂದು ಕಡಿಮೆ.

ಬಾವಲಿಗಳನ್ನು ನೋಡಿ. ನಮ್ಮನ್ನು ಕೊಲ್ಲುವ ಕೆಲವು ವೈರಸ್‌ಗಳು ಅವುಗಳ ದೇಹದಲ್ಲಿ ಹೆಚ್ಚು ಸದ್ದಿಲ್ಲದೆ ಇರುತ್ತವೆ. ಅವುಗಳ ಉರಿಯೂತದ ವ್ಯವಸ್ಥೆಯ ಕೆಲವು ಕೊಂಡಿಗಳು ನಮ್ಮವುಗಳಿಗಿಂತ ಮಂದ. ಆಫ್ರಿಕಾದ ಸೂಟಿ ಮ್ಯಾಂಗಬಿ ಎಂಬ ಕೋತಿಯ ರಕ್ತದಲ್ಲಿ ಎಚ್‌ಐವಿಯ ಬಂಧು ವೈರಸ್ ತುಂಬಿ ತುಳುಕುತ್ತಿದ್ದರೂ ಅದಕ್ಕೆ ಏಡ್ಸ್ ಬರುವುದು ತೀರಾ ಅಪರೂಪ. ಆರಂಭದ ಹೋರಾಟದ ನಂತರ ಅದರ ದೇಹ ಉರಿಯೂತವನ್ನು ಆರಿಸಿಬಿಡುತ್ತದೆ.

ಕುತೂಹಲಿ
ಹಾಗಾದರೆ ತಾಳಿಕೆಯೇ ಎಲ್ಲಕ್ಕಿಂತ ಒಳ್ಳೆಯ ಉಪಾಯವಲ್ಲವೇ? ಇಬ್ಬರೂ ಬದುಕುತ್ತಾರೆ.

ಪಶುವೈದ್ಯ
ತಾಳಿಕೊಂಡವನಿಗೆ ಒಳ್ಳೆಯದು, ಪಕ್ಕದವನಿಗೆ ಅಲ್ಲ. ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ ಅವರಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಇತ್ತು, ಆಕೆಗೆ ಯಾವ ಲಕ್ಷಣವೂ ಇರಲಿಲ್ಲ. ಕೆಲಸ ಮಾಡಿದ ಮನೆಗಳಲ್ಲಿ ಜನ ಮಲಗಿದರು. ಆಕೆಯನ್ನು 1907ರಲ್ಲಿ ಒಮ್ಮೆ, 1915ರಿಂದ ಸಾಯುವವರೆಗೆ ಮತ್ತೊಮ್ಮೆ ಪ್ರತ್ಯೇಕವಾಗಿ ಇರಿಸಿದರು. ಆರೋಗ್ಯವಂತಳಾದ ತನ್ನನ್ನು ಏಕೆ ಕೂಡಿಹಾಕಿದ್ದಾರೆ ಎಂಬುದನ್ನು ಆಕೆ ಕೊನೆಯವರೆಗೂ ಒಪ್ಪಲಿಲ್ಲ. ಆಕೆಗೆ ಆದದ್ದು ಅನ್ಯಾಯವೆಂದೇ ನನ್ನ ಭಾವನೆ, ಅದೇ ಕಾಲದಲ್ಲಿ ಪತ್ತೆಯಾದ, ಲಕ್ಷಣವಿಲ್ಲದೆ ರೋಗ ಹರಡುವ ಬೇರೆ ವಾಹಕರನ್ನು ಹಾಗೆ ಜೀವನಪೂರ್ತಿ ಇಡಲಿಲ್ಲ.

ಮೌನರಾಗ
ಬ್ಯಾಕ್ಟೀರಿಯಾಗಳಿಗೂ ರೋಗ ಬರುತ್ತದೆ ಎಂಬುದನ್ನು ಮರೆಯಬೇಡಿ. ಅವನ್ನು ಕೊಲ್ಲುವ ವೈರಸ್‌ಗಳ ತುಣುಕುಗಳನ್ನು ಅವು ತಮ್ಮ ಡಿಎನ್‌ಎಯಲ್ಲಿಯೇ ಕಾಪಿಟ್ಟುಕೊಂಡು ಮುಂದಿನ ಬಾರಿ ಗುರುತು ಹಿಡಿಯುತ್ತವೆ. ಅದೇ ಕ್ರಿಸ್ಪರ್. ಮೊಸರು, ಚೀಸ್ ತಯಾರಿಕೆಯ ಬ್ಯಾಕ್ಟೀರಿಯಾದಲ್ಲಿ 2007ರಲ್ಲಿ ಅದನ್ನು ಸಾಬೀತುಪಡಿಸಿದರು. 2013ರ ಹೊತ್ತಿಗೆ, ಕ್ರಿಸ್ಪರ್ ಅನ್ನು ಸುಮ್ಮನಾಗಿಸುವ ಪ್ರೋಟೀನುಗಳು ವೈರಸ್‌ಗಳಲ್ಲಿ ಪತ್ತೆಯಾದವು. ಅಷ್ಟು ಚಿಕ್ಕ ಜೀವಿಗಳ ನಡುವೆಯೂ ಇದೇ ಹಗ್ಗಜಗ್ಗಾಟ.

ಮುಂಜಾವು
ಇಷ್ಟೆಲ್ಲ ಓದಿದ ಮೇಲೂ ಒಂದು ಕೇಳುತ್ತೇನೆ. ಎಷ್ಟೋ ಸಾಂಕ್ರಾಮಿಕಗಳು ನಿಜವಾಗಿಯೂ ತಣ್ಣಗಾಗಿವೆ. ಕಪ್ಪೆಗಳ ಶಿಲೀಂಧ್ರ ರೋಗ ಒಂದು ಕಾಲದಲ್ಲಿ ಕಾಡುಗಳನ್ನೇ ಮೌನವಾಗಿಸಿತ್ತು, ಈಗ ಕೆಲವು ಕಡೆ ಕಪ್ಪೆಗಳು ಮರಳುತ್ತಿವೆ ಎಂದು ಓದಿದ್ದೇನೆ. ಶಿಲೀಂಧ್ರ ಸೌಮ್ಯವಾಗದೆ ಅದು ಹೇಗೆ ಸಾಧ್ಯ?

ಸೂಕ್ಷ್ಮಲೋಕ
ಪನಾಮಾದ ಕಪ್ಪೆಗಳಲ್ಲಿ ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ರೋಗ ಬಂದ ಕಾಲದಲ್ಲಿ ಸಂಗ್ರಹಿಸಿಟ್ಟಿದ್ದ ಶಿಲೀಂಧ್ರವನ್ನೂ ವರ್ಷಗಳ ನಂತರದ ಶಿಲೀಂಧ್ರವನ್ನೂ ಹೋಲಿಸಿದರು. ಅದರ ಉಗ್ರತೆ ಇಳಿದ ಕುರುಹು ಸಿಗಲಿಲ್ಲ. ಬದಲಾಗಿದ್ದದ್ದು ಕಪ್ಪೆಗಳು. ಉಳಿದುಬಂದ ಕಪ್ಪೆಗಳ ಚರ್ಮದ ಸ್ರಾವ, ರೋಗವನ್ನೇ ಕಾಣದ ಅದೇ ಜಾತಿಯ ಕಪ್ಪೆಗಳ ಸ್ರಾವಕ್ಕಿಂತ ಚೆನ್ನಾಗಿ ಶಿಲೀಂಧ್ರವನ್ನು ತಡೆಯುತ್ತಿತ್ತು. ಆ ಬದಲಾವಣೆಗೆ ಎಷ್ಟು ಕಪ್ಪೆಗಳು ಸತ್ತವು ಎಂಬುದನ್ನು ಲೆಕ್ಕಕ್ಕೆ ಹಿಡಿದರೆ "ಕ್ರಮೇಣ ಸರಿಹೋಗುತ್ತದೆ" ಎಂಬ ಮಾತನ್ನು ನಾನು ಯಾರಿಗೂ ಸಮಾಧಾನವಾಗಿ ಹೇಳಲಾರೆ.

ಮುಂಜಾವು
ಕಪ್ಪೆಗಳ ವಿಷಯದಲ್ಲಿ ಒಪ್ಪಿದೆ. ಉಳಿದದ್ದರ ಬಗ್ಗೆ ಇನ್ನೂ ಓದಬೇಕು.

ಬಿಸಿಲುಕುದುರೆ
ತೆನೆಯವರಿಗೆ ಒಂದು ಪ್ರಶ್ನೆ. ಒಂದು ಜೀನು ಸೇರಿಸಿದರೆ ಮುರಿಯುತ್ತದೆ, ಇನ್ನೊಂದು ಸೇರಿಸಿದರೆ ಹೊಸ ರೋಗ ಬರುತ್ತದೆ. ಬೆಳೆಗಾರ ಏನು ಮಾಡಬೇಕು?

ತೆನೆ
ಮುರಿಯದೆ ಉಳಿದವೂ ಇವೆ. ಬಾರ್ಲಿಯ ಎಂಎಲ್ಒ ಎಂಬ ಜೀನು ಕೆಟ್ಟುಹೋದ ಗಿಡಗಳಿಗೆ ಬೂದಿ ರೋಗ ಹತ್ತುವುದಿಲ್ಲ. ಶಿಲೀಂಧ್ರ ಒಳಹೊಗಲು ಬಳಸುವ ಸಾಧನವೇ ಅಲ್ಲಿ ಇಲ್ಲದಿರುವುದರಿಂದ ಗುರುತು ತಪ್ಪಿಸಿ ಪಾರಾಗುವ ದಾರಿ ಅದಕ್ಕಿಲ್ಲ. ಯೂರೋಪಿನಲ್ಲಿ 1970ರ ದಶಕದ ಕೊನೆಯಿಂದ ಬಳಕೆಯಲ್ಲಿದ್ದು ಇಂದಿಗೂ ನಿಂತಿದೆ. ಆದರೆ ಆ ಗಿಡಗಳ ಎಲೆಯಲ್ಲಿ ತಾವಾಗಿಯೇ ಕಲೆಗಳು ಮೂಡುವುದುಂಟು, ಬೇರೆ ಕೆಲವು ಶಿಲೀಂಧ್ರಗಳಿಗೆ ಅವು ಹೆಚ್ಚು ಬಲಿಯಾಗುತ್ತವೆ.

ಇನ್ನೊಂದು ದಾರಿ, ಹೊಲದಲ್ಲಿ ಒಂದೇ ತಳಿ ಇರದಂತೆ ನೋಡಿಕೊಳ್ಳುವುದು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಸಾವಿರಾರು ರೈತರು ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುವ ಅಂಟು ಭತ್ತದ ಸಾಲುಗಳನ್ನು ರೋಗ ತಡೆಯುವ ಭತ್ತದ ಸಾಲುಗಳ ನಡುವೆ ನೆಟ್ಟರು. 2000ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಟು ಭತ್ತವೊಂದನ್ನೇ ಬೆಳೆದ ಗದ್ದೆಗೆ ಹೋಲಿಸಿದರೆ ಅದರಲ್ಲಿ ರೋಗದ ತೀವ್ರತೆ ಶೇ. 94ರಷ್ಟು ಕಡಿಮೆಯಾಯಿತು, ಇಳುವರಿ ಶೇ. 89ರಷ್ಟು ಹೆಚ್ಚಿತು. ಯಾವ ಗಿಡದ ಜೀನೂ ಬದಲಾಗಿರಲಿಲ್ಲ. ಹಾರಿಬಂದ ಬೀಜಕಣಕ್ಕೆ ಪಕ್ಕದಲ್ಲಿ ತನಗೆ ಒಗ್ಗುವ 'ಆತಿಥೇಯ' ಸಿಗದಿದ್ದದ್ದೇ ಕಾರಣ.

ಪಶುವೈದ್ಯ
ಸಾವಿರಾರು ಕೋಳಿಗಳನ್ನು ಒಂದೇ ತಳಿಯಿಂದ ತಂದು ಒಂದೇ ಸೂರಿನಡಿ ಸಾಕುವವರು ಇದನ್ನು ಓದಬೇಕು.

ಕುತೂಹಲಿ
ತೆನೆ ಸರ್, ಎರಡು ತಳಿಗಳು ಬೇರೆ ಬೇರೆ ಎತ್ತರ, ಬೇರೆ ಬೇರೆ ಕಾಲಕ್ಕೆ ಬಲಿತರೆ ಕೊಯ್ಲು ಹೇಗೆ ಮಾಡುತ್ತಾರೆ? ಕಾಳು ಬೆರೆತುಹೋಗುವುದಿಲ್ಲವೇ?

ತೆನೆ
ಅಲ್ಲಿ ಕೈಯಿಂದ ಕೊಯ್ಯುತ್ತಿದ್ದರು, ಹಾಗಾಗಿ ಬೇರ್ಪಡಿಸುವುದು ಕಷ್ಟವಾಗಲಿಲ್ಲ. ಯಂತ್ರದಿಂದ ಕೊಯ್ಯುವ ಕಡೆ ಒಂದೇ ಎತ್ತರದ, ಒಟ್ಟಿಗೆ ಬಲಿಯುವ, ಆದರೆ ಪ್ರತಿರೋಧ ಜೀನು ಮಾತ್ರ ಬೇರೆ ಇರುವ ಬೀಜಗಳನ್ನು ಬೆರೆಸಿ ಬಿತ್ತಬೇಕಾಗುತ್ತದೆ. ಗೋಧಿ, ಬಾರ್ಲಿಯಲ್ಲಿ ಹಾಗೆ ಮಾಡಿದ್ದಾರೆ. ಎಲ್ಲ ಕಾಳೂ ಒಂದೇ ರೀತಿ ಇರಬೇಕು ಎಂದು ಖರೀದಿದಾರರು ಹಟ ಹಿಡಿದಲ್ಲಿ ಮಾತ್ರ ಇದು ನಡೆಯುವುದಿಲ್ಲ.